ಬಳಸುವ ಮುನ್ನ ಚೆನ್ನಾಗಿ ಕುಲುಕಿ

ಅಮೆರಿಕದಲ್ಲಿ ಆಹಾರ ಮತ್ತು ಔಷಧ ಕಾನೂನಿನ ಪ್ರೊಫೆಸರ್ ಆಗಲು ಮನಸ್ಸು ಮಾಡಿರುವ ತಮಗೆ ಅಭಿನಂದನೆಗಳು. ಈ ಕೈಪಿಡಿಯನ್ನು ಪೂರ್ತಿ ಓದಿ ಮುಗಿಸುವವರೆಗೆ ಯಾವ ಲಾ ಸ್ಕೂಲಿಗೂ ಅರ್ಜಿ ಹಾಕಬೇಡಿ. ಓದಿದ ಮೇಲೂ ಹಾಕಬೇಕೆನ್ನಿಸಿದರೆ ತಯಾರಕರು ಹೊಣೆಯಲ್ಲ.

ಮೊದಲು ಮರ್ಯಾದೆಯ ವಿಷಯ ಇತ್ಯರ್ಥವಾಗಲಿ. ಸಂವಿಧಾನ ಕಲಿಸುವವರನ್ನು ಟೀವಿಯವರು ಕರೆಯುತ್ತಾರೆ. ಕ್ರಿಮಿನಲ್ ಲಾ ಕಲಿಸುವವರ ಸುತ್ತ ಪಾರ್ಟಿಗಳಲ್ಲಿ ನಾಲ್ಕು ಜನ ಕತೆ ಕೇಳಲು ನಿಲ್ಲುತ್ತಾರೆ. ನಿಮ್ಮನ್ನು ಮಾತ್ರ ಮೂಲೆಗೆ ಕರೆದು, ಮನೆಯಲ್ಲಿರುವ ಮಾತ್ರೆಯ ಅವಧಿ ಮುಗಿದು ಎರಡು ತಿಂಗಳಾಯಿತು, ನುಂಗಬಹುದಾ ಎಂದು ಕೇಳುತ್ತಾರೆ. ನಾನು ಡಾಕ್ಟರೂ ಅಲ್ಲ, ಅಡುಗೆಯವನೂ ಅಲ್ಲ ಎಂದು ಹೇಳಿ ನೋಡಿ. ಹಾಗಾದರೆ ನೀವು ಏನು ಎಂಬ ಮರುಪ್ರಶ್ನೆ ಬರುತ್ತದೆ. ಆಗ ಈ ಅಂಕಿ ಒಗೆಯಿರಿ: ಅಮೆರಿಕದ ಗ್ರಾಹಕ ಖರ್ಚು ಮಾಡುವ ಪ್ರತಿ ಡಾಲರಿನಲ್ಲಿ ಸುಮಾರು 20 ಸೆಂಟ್ ಹೋಗುವುದು ಆಹಾರ–ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕಣ್ಣಿಟ್ಟಿರುವ ಸರಕಿಗೆ. ಕೇಳಿದವರು ಸುಮ್ಮನಾಗುತ್ತಾರೆ. ಮಾತ್ರೆಯ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಕಾಯಿದೆ, 1938ರದು: ಆಹಾರ, ಔಷಧ ಮತ್ತು ಸೌಂದರ್ಯವರ್ಧಕಗಳಿಗೆ ಸಂಬಂಧಿಸಿದ ಫೆಡರಲ್ ಕಾಯಿದೆ. ಒಂದು ಪಠ್ಯಪುಸ್ತಕ, ಪೀಟರ್ ಬಾರ್ಟನ್ ಹಟ್ ಮತ್ತು ರಿಚರ್ಡ್ ಮೆರಿಲ್ 1980ರಲ್ಲಿ ಹೊರತಂದದ್ದು. ಮೂರನೇ ಆವೃತ್ತಿಯ ಹೊತ್ತಿಗೆ ಲೂಯಿಸ್ ಗ್ರಾಸ್‌ಮನ್ ಸೇರಿಕೊಂಡರು. ಈಗ ಐದನೆಯದು ಓಡುತ್ತಿದೆ. ಒಂದೇ ಕೈಯಲ್ಲಿ ಎತ್ತಬೇಡಿ.

ಉಳಿದಂತೆ ಪೆಟ್ಟಿಗೆಯಲ್ಲಿರುವುದು ಬರೀ ದಿನಸಿ. ಈ ಕ್ಷೇತ್ರದಲ್ಲಿ, 1938ಕ್ಕೂ ಮೊದಲಿನಿಂದಲೇ, ಸರ್ಕಾರ ಮಾಲು ಜಪ್ತಿ ಮಾಡಿದರೆ ಕೇಸು ನಡೆಯುವುದು ಮಾಲಿನ ಮೇಲೆಯೇ. ಕಟಕಟೆಯಲ್ಲಿ ಡಬ್ಬಿ ನಿಂತಿರುತ್ತದೆ, ಮಾಲೀಕ ಬೇಕಿದ್ದರೆ ಹಿಂದಿನಿಂದ ಬಂದು ‘ಇದು ನನ್ನದು ಸ್ವಾಮಿ’ ಎಂದು ಸೇರಿಕೊಳ್ಳಬಹುದು. ಹಾಗಾಗಿ ಕೇಸುಗಳ ಹೆಸರೂ ಹಾಗೇ ಇವೆ. ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ನಲವತ್ತು ಬ್ಯಾರೆಲ್ ಮತ್ತು ಇಪ್ಪತ್ತು ಕೆಗ್ ಕೋಕಾ–ಕೋಲಾ, 1916. ಅಮೆರಿಕ ಸಂಯುಕ್ತ ಸಂಸ್ಥಾನ ವಿರುದ್ಧ ತೊಂಬತ್ತೈದು ಬ್ಯಾರೆಲ್, ಹೆಚ್ಚು ಕಡಿಮೆ, ಸೇಬಿನ ವಿನೆಗರ್ ಎನ್ನಲಾದದ್ದು, 1924. ಆ ‘ಹೆಚ್ಚು ಕಡಿಮೆ’ ನಾವು ಸೇರಿಸಿದ್ದಲ್ಲ, ಸುಪ್ರೀಂ ಕೋರ್ಟಿನ ದಾಖಲೆಯಲ್ಲೇ ಇದೆ. ಮೊದಲ ದಿನ ಕ್ಲಾಸಿನಲ್ಲಿ ಇವನ್ನು ಮುಖ ಬಿಗಿಹಿಡಿದು ಓದಿ. ನಕ್ಕ ವಿದ್ಯಾರ್ಥಿಗಳು ಉಳಿಯುತ್ತಾರೆ, ನಗದವರು ತೆರಿಗೆ ಕಾನೂನಿಗೆ ಹೋಗುತ್ತಾರೆ.

1951ರಲ್ಲಂತೂ ಜಾಮ್ ತಾನೇ ಮೇಲ್ಮನವಿ ಹಾಕಿಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು: 62 ಪೆಟ್ಟಿಗೆ ಜಾಮ್ ವಿರುದ್ಧ ಅಮೆರಿಕ ಸಂಯುಕ್ತ ಸಂಸ್ಥಾನ. ಸರ್ಕಾರದ ಲೆಕ್ಕದಲ್ಲಿ ಜಾಮ್ ಎನ್ನಿಸಿಕೊಳ್ಳಲು 55 ಪಾಲು ಸಕ್ಕರೆಗೆ 45 ಪಾಲು ಹಣ್ಣು ಬೇಕು. ಇದರಲ್ಲಿದ್ದ ಹಣ್ಣು ಶೇ 25. ಆದರೆ ಲೇಬಲ್ಲಿನ ಮೇಲೆ ‘ಇಮಿಟೇಶನ್ ಜಾಮ್’ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ನಕಲಿ ಎಂದು ಒಪ್ಪಿಕೊಂಡಿರುವ ನಕಲಿಯನ್ನು ಕಾಯಿದೆ ತಡೆಯುವುದಿಲ್ಲ ಎಂದರು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್. ಜಾಮ್ ಗೆದ್ದಿತು. ಈ ಜಾಮನ್ನು ಕೈಗೆ ಸಿಗುವ ಕಡೆ ಇಡಿ, ಮುಂದೆ ಬೇಕಾಗುತ್ತದೆ.

ಬಿಡಿಭಾಗಗಳನ್ನು ಗುರುತಿಸುವ ಬಗೆ

ಆಹಾರ ಎಂದರೇನು? ಕಾಯಿದೆಯ ಉತ್ತರ: ಮನುಷ್ಯರೋ ಪ್ರಾಣಿಗಳೋ ಆಹಾರವಾಗಿ ಅಥವಾ ಪಾನೀಯವಾಗಿ ಬಳಸುವ ವಸ್ತು, ಚ್ಯೂಯಿಂಗ್ ಗಮ್, ಇವುಗಳಿಗೆ ಹಾಕುವ ಸಾಮಗ್ರಿ. ಆಹಾರ ಎಂದರೆ ಆಹಾರ ಎಂದು ಹೇಳಿ ಮುಗಿಸಿದ ಶಾಸಕರಿಗೆ ಚ್ಯೂಯಿಂಗ್ ಗಮ್ ಮಾತ್ರ ನೆನಪಾದದ್ದು ಯಾಕೆಂದು ವಿದ್ಯಾರ್ಥಿಗಳು ಕೇಳಿದರೆ ಗಡಿಯಾರ ನೋಡಿಕೊಳ್ಳಿ.

ಔಷಧದ ವ್ಯಾಖ್ಯೆ ಹಾಗಲ್ಲ, ಅದು ನಿಂತಿರುವುದು ಮಾರುವವನ ಉದ್ದೇಶದ ಮೇಲೆ. ರೋಗ ವಾಸಿಮಾಡುವ ಉದ್ದೇಶದಿಂದ ಮಾರಿದ್ದೆಲ್ಲ ಔಷಧ, ಸೀಸೆಯೊಳಗೆ ಏನೇ ಇರಲಿ. 250 ಜಾಡಿ ಶುದ್ಧ ಜೇನುತುಪ್ಪದ ಮೇಲೆ ಒಮ್ಮೆ ಕೇಸು ನಡೆಯಿತು. ಜೇನಿನಲ್ಲಿ ಕಲಬೆರಕೆ ಇರಲಿಲ್ಲ. ಅದು ಇಂತಿಂಥ ಕಾಯಿಲೆ ಗುಣಪಡಿಸುತ್ತದೆ ಎಂಬ ಬರಹ ಜೊತೆಗಿತ್ತು, ಅಷ್ಟೆ. ಜೇನು ಔಷಧವಾಯಿತು, ಔಷಧವಾದ್ದರಿಂದ ಅಪರಾಧಿಯಾಯಿತು. 1965ರಲ್ಲಿ ಮೇಲ್ಮನವಿ ಕೋರ್ಟೂ ಹೌದೆಂದಿತು. ಇನ್ನೊಂದು ಕೇಸು 1983ರದು: ರಾಜ್ಮಾ ಕಾಳಿನಿಂದ ತೆಗೆದ ‘ಸ್ಟಾರ್ಚ್ ಬ್ಲಾಕರ್’ ಗುಳಿಗೆ. ಇದನ್ನು ನುಂಗಿ ಅನ್ನ, ಬ್ರೆಡ್ಡು ತಿಂದರೆ ಮೈಗೆ ಹತ್ತುವುದಿಲ್ಲ ಎಂದು ಮಾರುತ್ತಿದ್ದರು. ಕಾಳಿನಿಂದ ಬಂದದ್ದು, ಆದ್ದರಿಂದ ಆಹಾರ ಎಂಬುದು ಅವರ ವಾದ. ಕೋರ್ಟು ಒಪ್ಪಲಿಲ್ಲ. ಮುಖ್ಯವಾಗಿ ರುಚಿಗೋ ಪರಿಮಳಕ್ಕೋ ಪುಷ್ಟಿಗೋ ತಿನ್ನುವುದು ಆಹಾರ. ಊಟ ಮೈಗೆ ಹತ್ತದಿರಲಿ ಎಂದು ನುಂಗುವುದು ಔಷಧ.

ಈ ಉದ್ದೇಶದ ಸೂತ್ರವನ್ನು ಹಿಡಿದು ಆಗಿನ ಎಫ್‌ಡಿಎ ಮುಖ್ಯಸ್ಥ ಡೇವಿಡ್ ಕೆಸ್ಲರ್ 1996ರಲ್ಲಿ ಸಿಗರೇಟಿನ ಮೇಲೂ ಕೈಯಿಟ್ಟರು. ನಿಕೋಟಿನ್ ದೇಹದ ಮೇಲೆ ಪರಿಣಾಮ ಬೀರಲೆಂದೇ ಇರುವುದು, ಆದ್ದರಿಂದ ಔಷಧ ಎಂದರು. ತರ್ಕದಲ್ಲಿ ತಪ್ಪಿರಲಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು 5–4ರಿಂದ ತಳ್ಳಿಹಾಕಿತು: ಔಷಧವೆಂದಾದರೆ ಅದು ಸುರಕ್ಷಿತವಲ್ಲದ ಔಷಧ, ಪೂರ್ತಿ ನಿಷೇಧಿಸಬೇಕಾಗುತ್ತದೆ; ಕಾಂಗ್ರೆಸ್ ಅದನ್ನು ಬಯಸಿರಲಾರದು. ಸಿಗರೇಟು ಎಫ್‌ಡಿಎ ಕೈಗೆ ಬರಲು 2009ರಲ್ಲಿ ಹೊಸ ಕಾಯಿದೆಯೇ ಬೇಕಾಯಿತು. ವಸ್ತು ವಿಪರೀತ ಅಪಾಯಕಾರಿಯಾದರೆ ನಿಯಂತ್ರಣ ತಪ್ಪಿಸಿಕೊಳ್ಳಬಹುದು ಎಂಬ ಈ ಪಾಠವನ್ನು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ, ನೀವು ಒತ್ತಿ ಹೇಳಬೇಕಾಗಿಲ್ಲ.

ಎಚ್ಚರಿಕೆ: ಈ ಭಾಗದಲ್ಲಿ ತಮಾಷೆ ಮಾಡಕೂಡದು

ಸಲ್ಫನಿಲಮೈಡ್ ಆ ಕಾಲಕ್ಕೆ ಒಳ್ಳೆಯ ಮದ್ದು, ಗಂಟಲಿನ ಸೋಂಕಿಗೆ ಮಾತ್ರೆಯಾಗಿ ಕೊಡುತ್ತಿದ್ದರು. ಕುಡಿಯಲು ದ್ರವರೂಪದಲ್ಲಿ ಬೇಕೆಂಬ ಬೇಡಿಕೆ ಬಂತು. ಟೆನೆಸಿ ರಾಜ್ಯದ ಬ್ರಿಸ್ಟಲ್‌ನಲ್ಲಿದ್ದ ಮ್ಯಾಸೆಂಗಿಲ್ ಕಂಪನಿಯ ಕೆಮಿಸ್ಟ್ ಅದು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ ಎಂದು ಕಂಡುಕೊಂಡ. ರುಚಿ ನೋಡಿದರು, ಬಣ್ಣ ನೋಡಿದರು, ವಾಸನೆ ನೋಡಿದರು. ವಿಷವೇ ಎಂದು ನೋಡಲಿಲ್ಲ. ನೋಡಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ. 1937ರ ಸೆಪ್ಟೆಂಬರ್‌ನಲ್ಲಿ ಮಾಲು ಹೊರಟಿತು. ಅಕ್ಟೋಬರ್‌ನಲ್ಲಿ ಓಕ್ಲಹೋಮದ ಟಲ್ಸಾದಿಂದ ಸಾವಿನ ಸುದ್ದಿ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು.

ಎಫ್‌ಡಿಎ ತನ್ನ ಇನ್ಸ್‌ಪೆಕ್ಟರುಗಳನ್ನೂ ಕೆಮಿಸ್ಟುಗಳನ್ನೂ, 239 ಜನರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ, ಸೀಸೆ ಹುಡುಕಲು ಕಳಿಸಿತು. ತಯಾರಾಗಿದ್ದ 240 ಗ್ಯಾಲನ್‌ನಲ್ಲಿ 234 ಗ್ಯಾಲನ್ ಮೇಲೆ ಒಂದು ಪೈಂಟ್ ವಾಪಸು ಸಿಕ್ಕಿತು. ಸಾವುಗಳೆಲ್ಲ ಆಗಿದ್ದು ಉಳಿದ ಆರು ಗ್ಯಾಲನ್ನಿಗೂ ಕಡಿಮೆ ಮದ್ದಿನಿಂದ. ಅಷ್ಟಕ್ಕೂ ಯಾವ ಅಧಿಕಾರದಿಂದ ಜಪ್ತಿ ಮಾಡಿದರು? ವಿಷ ಮಾರಿದ್ದಕ್ಕಲ್ಲ. ಲೇಬಲ್ಲಿನಲ್ಲಿ ‘ಎಲಿಕ್ಸಿರ್’ ಎಂದಿತ್ತು, ಹಾಗೆಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ. ಆದ್ದರಿಂದ ಸುಳ್ಳು ಲೇಬಲ್. ‘ದ್ರಾವಣ’ ಎಂದು ಬರೆದಿದ್ದರೆ ಸರ್ಕಾರಕ್ಕೆ ಒಂದು ಸೀಸೆಯನ್ನೂ ಮುಟ್ಟಲು ಆಗುತ್ತಿರಲಿಲ್ಲ. ಕಂಪನಿಗೆ ಬಿದ್ದ ದಂಡ 26,100 ಡಾಲರ್. ಕೆಮಿಸ್ಟ್ ಆತ್ಮಹತ್ಯೆ ಮಾಡಿಕೊಂಡ. 1938ರ ಜೂನ್ 25ರಂದು ರೂಸ್‌ವೆಲ್ಟ್ ಹೊಸ ಕಾಯಿದೆಗೆ ಸಹಿ ಹಾಕಿದರು.

ಪಾಠವನ್ನು ಅಲ್ಲಿಗೇ ಮುಗಿಸಬೇಡಿ. 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳ ಜೀವ ತೆಗೆದ ಗ್ಲಿಸರಾಲ್‌ನಲ್ಲಿ ಇದ್ದದ್ದು ಇದೇ ಡೈಎಥಿಲೀನ್ ಗ್ಲೈಕಾಲ್. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ್ದೂ ಭಾರತದಲ್ಲಿ ತಯಾರಾದ ಸಿರಪ್‌ಗಳಲ್ಲಿ ಇದೇ ವಸ್ತು ಇದೆ ಎಂದು. ಭಾರತದ ಔಷಧ ಕಾಯಿದೆ 1940ರದು, ಹೆಚ್ಚುಕಡಿಮೆ ಅಮೆರಿಕದ ಕಾಯಿದೆಯ ವಯಸ್ಸಿನದೇ. ಡ್ರಮ್ಮಿನ ಮುಚ್ಚಳ ತೆಗೆದು ಒಳಗಿರುವುದನ್ನು ಪರೀಕ್ಷೆ ಮಾಡುವ ಕೈ ಇಲ್ಲದೆ ಕಾಯಿದೆಯ ವಯಸ್ಸು ಕಟ್ಟಿಕೊಂಡು ಏನು ಮಾಡುವುದು?

ಮುಂದಿನ ತರಗತಿಗೆ ಥಾಲಿಡೊಮೈಡ್ ಎಂಬ ನಿದ್ದೆ ಮಾತ್ರೆ. ಫ್ರಾನ್ಸೆಸ್ ಕೆಲ್ಸಿ 1960ರಲ್ಲಿ ಎಫ್‌ಡಿಎಗೆ ಹೊಸದಾಗಿ ಸೇರಿದ್ದರು. ಕಂಪನಿಯವರು ಎಷ್ಟೇ ಒತ್ತಾಯ ಮಾಡಿದರೂ ಇನ್ನಷ್ಟು ಮಾಹಿತಿ ಕೊಡಿ ಎಂದು ಕೇಳುತ್ತಲೇ ಇದ್ದರು, ಅನುಮತಿ ಕೊಡಲಿಲ್ಲ. ಅಷ್ಟರಲ್ಲಿ ಯುರೋಪಿನಲ್ಲಿ ಅದನ್ನು ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದೆ ಹುಟ್ಟಿದ ಮಕ್ಕಳ ಸುದ್ದಿ ಹೊರಬಿತ್ತು. ಆ ಆಘಾತದಲ್ಲಿ 1962ರ ತಿದ್ದುಪಡಿ ಪಾಸಾಯಿತು: ಇನ್ನು ಮುಂದೆ ಔಷಧ ಸುರಕ್ಷಿತವಾಗಿದ್ದರೆ ಸಾಲದು, ಕೆಲಸ ಮಾಡುತ್ತದೆ ಎಂದೂ ತೋರಿಸಬೇಕು. ಇಲ್ಲಿ ಒಂದು ಪ್ರಶ್ನೆ ಕೇಳಿ ಕ್ಲಾಸನ್ನು ಕಾಯಿಸಿ. ಥಾಲಿಡೊಮೈಡ್ ನಿದ್ದೆ ತರಿಸುತ್ತಿರಲಿಲ್ಲವೇ? ಚೆನ್ನಾಗಿಯೇ ತರಿಸುತ್ತಿತ್ತು. ಕೆಲ್ಸಿ ತಡೆದದ್ದು 1938ರ ಹಳೆಯ ಸುರಕ್ಷತೆಯ ನಿಯಮದಿಂದಲೇ. ಸೆನೆಟರ್ ಕೆಫಾವರ್ ಔಷಧಗಳ ಬೆಲೆಯ ಬಗ್ಗೆ ವಿಚಾರಣೆ ನಡೆಸಿ ಸಿದ್ಧಪಡಿಸಿಟ್ಟಿದ್ದ ಮಸೂದೆ ಮೂಲೆಯಲ್ಲಿ ಬಿದ್ದಿತ್ತು. ದುರಂತ ಬಂದು ಅದನ್ನು ಎತ್ತಿಕೊಂಡು ಹೋಯಿತು. ಕಾಯಿದೆ ಒಳ್ಳೆಯದೇ. ಆದರೆ ಅದನ್ನು ತಂದ ಸಾವಿಗೂ ಅದು ಹೇಳುವ ಮಾತಿಗೂ ನೇರ ಸಂಬಂಧವಿಲ್ಲ. ಈ ಕ್ಷೇತ್ರದಲ್ಲಿ ನಿಮ್ಮ ನಿಜವಾದ ಕೆಲಸ ಇಂಥ ಕಡೆ ಬೆರಳಿಡುವುದು.

ಜೋಡಿಸುವ ವಿಧಾನ

ಗ್ರಂಥಾಲಯದಲ್ಲಿ ಕೂತು ಈ ವಿಷಯದ ಪ್ರೊಫೆಸರ್ ಆಗಬಹುದೇ? ಆಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಅನುಭವಸ್ಥರ ಕ್ರಮ ಬೇರೆ. ವಾಷಿಂಗ್ಟನ್‌ನ ದೊಡ್ಡ ಲಾ ಫರ್ಮ್ ಸೇರಿ ಕಂಪನಿಗಳ ಪರ ಎಫ್‌ಡಿಎ ಜೊತೆ ಗುದ್ದಾಡಿ. ಆಮೇಲೆ ಎಫ್‌ಡಿಎ ಒಳಗೇ ಹೋಗಿ ಅದೇ ಕಂಪನಿಗಳನ್ನು ಗುದ್ದಿ. ಆಮೇಲೆ ಹೊರಬಂದು ಎರಡೂ ಕಡೆಯ ಗುದ್ದಾಟವನ್ನು ಪಾಠ ಮಾಡಿ. ಶೀರ್ಷಿಕೆಯಲ್ಲಿ ಕುಲುಕಲು ಹೇಳಿದ್ದು ಇದನ್ನೇ. ಕುಲುಕದೆ ಬಿಟ್ಟರೆ ಮೇಲೆ ತತ್ವ ತೇಲುತ್ತದೆ, ಕೆಳಗೆ ಫೀಸು ನಿಲ್ಲುತ್ತದೆ.

ಹಟ್ ಅವರನ್ನು ನೋಡಿ. ಕವಿಂಗ್ಟನ್ ಅಂಡ್ ಬರ್ಲಿಂಗ್ ಫರ್ಮಿನಿಂದ ಹೊರಟು 1971ರಿಂದ 1975ರವರೆಗೆ ಎಫ್‌ಡಿಎಯ ಮುಖ್ಯ ವಕೀಲರಾಗಿದ್ದು, ಮತ್ತೆ ಅದೇ ಫರ್ಮಿಗೆ ಮರಳಿದರು. 1994ರಿಂದ ಹಾರ್ವರ್ಡ್‌ನಲ್ಲಿ ಪ್ರತಿ ಚಳಿಗಾಲ ಈ ವಿಷಯ ಕಲಿಸತೊಡಗಿದರು. ಅವರ ನಂತರ ಮುಖ್ಯ ವಕೀಲರ ಕುರ್ಚಿಯಲ್ಲಿ 1975ರಿಂದ 1977ರವರೆಗೆ ಕೂತವರು ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆರಿಲ್. ಹಿಂತಿರುಗಿ ಅಲ್ಲಿಯೇ ಲಾ ಸ್ಕೂಲಿನ ಡೀನ್ ಆದರು. ಅಂದರೆ ಪಠ್ಯಪುಸ್ತಕದ ಮೊದಲ ಲೇಖಕರಿಬ್ಬರೂ ಒಬ್ಬರ ಹಿಂದೊಬ್ಬರು ಎಫ್‌ಡಿಎ ಮುಖ್ಯ ವಕೀಲರು. ತಾವೇ ಕೂತು ರೂಪಿಸಿದ ನಿಯಮಗಳಿಗೆ ತಾವೇ ಟಿಪ್ಪಣಿ ಬರೆದು, ಮಕ್ಕಳಿಗೆ ಇದರಲ್ಲಿರುವ ದೋಷವೇನು ಎಂದು ಪ್ರಶ್ನೆ ಹಾಕುವ ಸೌಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಕೆಸ್ಲರ್ ಮಕ್ಕಳ ವೈದ್ಯರೂ ಹೌದು, ಲಾಯರೂ ಹೌದು. ಎಫ್‌ಡಿಎ ಮುಖ್ಯಸ್ಥರಾಗುವ ಮೊದಲು ಕೊಲಂಬಿಯಾ ಲಾ ಸ್ಕೂಲಿನಲ್ಲಿ ಇದನ್ನೇ ಕಲಿಸುತ್ತಿದ್ದರು. ಈ ಬಾಗಿಲು ಹೊಸದೂ ಅಲ್ಲ. ತರುಣರಿಗೆ ಬೊರಾಕ್ಸ್ ಬೆರೆಸಿದ ಊಟ ಬಡಿಸಿ ಪರೀಕ್ಷೆ ಮಾಡಿದ, 1906ರ ಮೊದಲ ಕಾಯಿದೆಗೆ ಕಾರಣಕರ್ತರಾದ ಹಾರ್ವಿ ವೈಲಿ 1912ರಲ್ಲಿ ಸರ್ಕಾರಿ ನೌಕರಿ ಬಿಟ್ಟು ಸೇರಿದ್ದು ಒಂದು ಮಹಿಳಾ ಮಾಸಪತ್ರಿಕೆಯನ್ನು.

ಇದನ್ನು ಭ್ರಷ್ಟಾಚಾರ ಎಂದು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಫೈಲು ಎಲ್ಲಿ ಕೊಳೆಯುತ್ತದೆ, ಕಂಪನಿ ಯಾವ ಪತ್ರಕ್ಕೆ ಹೆದರುತ್ತದೆ ಎಂಬುದು ಒಳಗೆ ಕೂತು ಬಂದವರಿಗೇ ಗೊತ್ತು. ಕಷ್ಟ ಇನ್ನೊಂದು ಇದೆ. ಎರಡು ಕುರ್ಚಿಯಲ್ಲೂ ಕೂತು ಬಂದವರಿಗೆ ಮೇಜಿಗೆ ಇರುವುದೇ ಎರಡು ಕುರ್ಚಿ ಎಂಬ ಭ್ರಮೆ ಬರುತ್ತದೆ.

ಮೂರನೇ ಕುರ್ಚಿಯ ಬಗ್ಗೆ ಕೈಪಿಡಿಗೆ ಸೇರಿಸಲೇಬೇಕಾದ ಪುಟ

1959ರಲ್ಲಿ ಎಫ್‌ಡಿಎ ಪೀನಟ್ ಬಟರ್‌ನಲ್ಲಿ ಶೇ 95 ಕಡಲೆಕಾಯಿ ಇರಬೇಕೆಂಬ ಪ್ರಸ್ತಾವ ಮುಂದಿಟ್ಟಿತು. ಕಂಪನಿಗಳು ಶೇ 87 ಸಾಕೆಂದವು. ಎಫ್‌ಡಿಎ ಶೇ 90ಕ್ಕೆ ಇಳಿದು ಅಲ್ಲಿ ನಿಂತಿತು. ಕೊನೆಗೆ ಉಳಿದದ್ದು ಶೇ 3ರ ಜಗಳ. ಅದಕ್ಕೆ ವಿಚಾರಣೆ ನಡೆದು ಸುಮಾರು ಎಂಟು ಸಾವಿರ ಪುಟ ದಾಖಲೆಯಾಯಿತು, ಮೇಲ್ಮನವಿ 1970ರವರೆಗೂ ಎಳೆಯಿತು. ಕಡಲೆಕಾಯಿ ಒಂದು ನಿಯಮವಾಗಲು ಸುಮಾರು ಹನ್ನೆರಡು ವರ್ಷ ಹಿಡಿಯಿತು. ವಿಚಾರಣೆಯಲ್ಲಿ ಕಂಪನಿಗಳ ವಕೀಲರ ಹಿಂಡಿನ ನಡುವೆ ಒಬ್ಬ ಗೃಹಿಣಿ ಕೂರುತ್ತಿದ್ದರು, ರೂತ್ ಡೆಸ್ಮಂಡ್. ಗೃಹಿಣಿಯರದೇ ಒಂದು ಒಕ್ಕೂಟ ಕಟ್ಟಿಕೊಂಡಿದ್ದರು. ಲಾ ಡಿಗ್ರಿ ಇರಲಿಲ್ಲ, ಎದುರಿಗಿದ್ದವರಿಗೆ ಪ್ರಶ್ನೆ ಹಾಕಲು ಮಾತ್ರ ಹಿಂಜರಿಯುತ್ತಿರಲಿಲ್ಲ. ಪತ್ರಿಕೆಗಳು ‘ಪೀನಟ್ ಬಟರ್ ಅಜ್ಜಿ’ ಎಂದು ಹೆಸರಿಟ್ಟವು. ಅಜ್ಜಿಯ ಶೇ 90 ಗೆದ್ದಿತು.

ಈಗ ಜಾಮ್ ತೆಗೆಯಿರಿ. 1973ರಲ್ಲಿ, ಹಟ್ ಮುಖ್ಯ ವಕೀಲರಾಗಿದ್ದಾಗ, ಎಫ್‌ಡಿಎ ‘ಇಮಿಟೇಶನ್’ಗೆ ಹೊಸ ಅರ್ಥ ಕೊಟ್ಟಿತು: ಅಸಲಿಗಿಂತ ಪೋಷಕಾಂಶ ಕಡಿಮೆ ಇದ್ದರೆ ಮಾತ್ರ ನಕಲಿ, ಸಮನಾಗಿದ್ದರೆ ಹೊಸ ಹೆಸರಿಟ್ಟುಕೊಂಡು ಮಾರಬಹುದು. ಡೆಸ್ಮಂಡ್ ಅವರ ಒಕ್ಕೂಟ ಕೋರ್ಟಿಗೆ ಹೋಯಿತು. ನೋಡಲು, ತಿನ್ನಲು ಅಸಲಿಯಂತಿದ್ದು ಅಸಲಿ ಅಲ್ಲದ್ದು ನಕಲಿಯೇ, ಜೀವಸತ್ವ ಬೆರೆಸಿದ ಮಾತ್ರಕ್ಕೆ ಅಲ್ಲವಾಗುತ್ತದೆಯೇ ಎಂಬುದು ಅಡುಗೆಮನೆಯ ವಾದ. 1976ರಲ್ಲಿ ಒಕ್ಕೂಟ ಸೋತಿತು. ಹಟ್ ಪಕ್ಷದ ತರ್ಕಕ್ಕೂ ಬಲವಿದೆ: ಕೊಬ್ಬು ಕಡಿಮೆ ಮಾಡಿದ ಒಳ್ಳೆಯ ಪದಾರ್ಥಕ್ಕೂ ‘ನಕಲಿ’ ಹಣೆಪಟ್ಟಿ ಅಂಟಿಸಿದರೆ ಕೊಳ್ಳುವವರಾರು? ಹಾಗಿದ್ದೂ, ಈ ಕೇಸನ್ನು ಕಲಿಸುವಾಗ ತರಗತಿಯ ಅರ್ಧ ಜನರನ್ನು ಅಜ್ಜಿಯ ಪರ ನಿಲ್ಲಿಸಿ. ಲಾ ಫರ್ಮಿನ ಕೆಲಸ ಆಗಲೇ ಗಿಟ್ಟಿಸಿಕೊಂಡ ಹುಡುಗರನ್ನೇ ಆರಿಸಿ.

ತೊಂದರೆಗಳು ಮತ್ತು ಪರಿಹಾರ

ಪಿಜ್ಜಾ ಯಾರ ಅಧೀನ ಎಂದು ಗೊಂದಲವಾದರೆ ಅದರ ಮೇಲೇನಿದೆ ನೋಡಿ. ಬರೀ ಚೀಸ್ ಇದ್ದರೆ ಎಫ್‌ಡಿಎ, ಪೆಪರೋನಿ ಹಾಕಿದ್ದರೆ ಕೃಷಿ ಇಲಾಖೆ. ಮಾಂಸದ ಸ್ಯಾಂಡ್‌ವಿಚ್ಚಿಗೆ ಮೇಲೊಂದು ಬ್ರೆಡ್ ಮುಚ್ಚಿದರೆ ಎಫ್‌ಡಿಎ, ತೆರೆದಿಟ್ಟರೆ ಕೃಷಿ ಇಲಾಖೆ. ಪರಿಹಾರ ಇಲ್ಲ.

ಊಟಕ್ಕೆ ಮುಂಚೆ ಎಫ್‌ಡಿಎಯ ಆಹಾರ ದೋಷಗಳ ಪಟ್ಟಿ ಓದಬೇಡಿ. 50 ಗ್ರಾಂ ಕರಿಮೆಣಸಿನ ಪುಡಿಯಲ್ಲಿ ಸರಾಸರಿ 475 ಹುಳದ ಚೂರು ಸಿಕ್ಕಿದ ಮೇಲಷ್ಟೇ ಸರ್ಕಾರ ಹುಬ್ಬೇರಿಸುತ್ತದೆ. ಇದು ಕೊಡಗಿನ ತೋಟದಿಂದ ಹೋದ ಕರಿಮೆಣಸಿಗೂ ಅನ್ವಯ. ಗೆದ್ದ ಪೀನಟ್ ಬಟರ್‌ಗೆ 100 ಗ್ರಾಮಿಗೆ 30 ಚೂರು.

ಕಂಪನಿ ಪರ ಹೋಗುವ ವಿದ್ಯಾರ್ಥಿಗಳಿಗೆ ಪಾರ್ಕ್ ಕೇಸು ಕುಡಿಸಿ. ಆಕ್ಮೆ ಎಂಬ ದಿನಸಿ ಸರಣಿಗೆ 874 ಅಂಗಡಿ, ಸುಮಾರು 36,000 ನೌಕರರು. ಬಾಲ್ಟಿಮೋರ್ ಗೋದಾಮಿನಲ್ಲಿ ಇಲಿ. ಅಧ್ಯಕ್ಷ ಜಾನ್ ಪಾರ್ಕ್, ನಾನು ಕೆಳಗಿನವರಿಗೆ ಹೇಳಿದ್ದೆ ಎಂದರು. ತಪ್ಪಿಸುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರೇ ಅಪರಾಧಿ, ಖುದ್ದು ಇಲಿ ಸಾಕಿರಬೇಕಾಗಿಲ್ಲ ಎಂದಿತು 1975ರಲ್ಲಿ ಸುಪ್ರೀಂ ಕೋರ್ಟು. ದಂಡ ಒಟ್ಟು 250 ಡಾಲರ್. ಭಯ ಇವತ್ತಿಗೂ ಚಾಲ್ತಿಯಲ್ಲಿದೆ. ಅಮೆರಿಕಕ್ಕೆ ಔಷಧ ಕಳಿಸುವ ಬೆಂಗಳೂರಿನ ಕಾರ್ಖಾನೆಗಳವರನ್ನೂ ಕೇಳಿ ನೋಡಿ: ಎಫ್‌ಡಿಎ ಇನ್ಸ್‌ಪೆಕ್ಟರ್ ಹೊರಡುವಾಗ ಕೈಗಿಡುವ ಫಾರ್ಮ್ 483 ಎಂಬ ಕಾಗದದಲ್ಲಿ ಎಷ್ಟು ಸಾಲು ಇದೆ ಎಂಬುದರ ಮೇಲೆ ಷೇರಿನ ಬೆಲೆ ಅಲ್ಲಾಡುತ್ತದೆ. ಅದೇ ಎಫ್‌ಡಿಎ 2021ರ ಜುಲೈನಲ್ಲಿ, ವೈದ್ಯರ ಚೀಟಿ ಬದಲಿಸದೆಯೇ ಅಂಗಡಿಯವರು ಮೂಲ ಔಷಧದ ಬದಲಿಗೆ ಕೊಡಬಹುದಾದ ಮೊದಲ ಬಯೋಸಿಮಿಲರ್ ಇನ್ಸುಲಿನ್ ಎಂದು ಒಪ್ಪಿದ್ದು ಬೆಂಗಳೂರಿನ ಬಯೋಕಾನ್ ಪಾಲುದಾರಿಕೆಯಲ್ಲಿ ತಯಾರಾದ ಸೆಮ್‌ಗ್ಲೀಯನ್ನು.

ಸಿಡಿಯುವ ಭಾಗ, ದೂರವಿಡಿ

1958ರ ಡಿಲೇನಿ ಷರತ್ತು: ಮನುಷ್ಯರಲ್ಲಿ ಅಥವಾ ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತದೆಂದು ಕಂಡುಬಂದ ಯಾವ ಸೇರ್ಪಡೆಯೂ ಆಹಾರದಲ್ಲಿ ಕೂಡದು. ಎಷ್ಟು ಪ್ರಮಾಣ ಎಂದು ಕೇಳುವಂತಿಲ್ಲ. 1977ರಲ್ಲಿ, ಮೆರಿಲ್ ಕಾಲದ ಕೊನೆಗೆ, ಇಲಿಗಳ ಪ್ರಯೋಗ ನೋಡಿ ಸ್ಯಾಕರಿನ್ ನಿಷೇಧಿಸುವುದಾಗಿ ಎಫ್‌ಡಿಎ ಹೇಳಿತು. ಆಗ ಅದೊಂದೇ ಕೃತಕ ಸಿಹಿ ಉಳಿದಿತ್ತು, ಮಧುಮೇಹಿಗಳು ಸಿಡಿದೆದ್ದರು. ಅದೇ ವರ್ಷ ಕಾಂಗ್ರೆಸ್ ನಿಷೇಧಕ್ಕೆ ತಡೆ ಹಾಕಿ, ಲೇಬಲ್ಲಿನ ಮೇಲೆ ಎಚ್ಚರಿಕೆ ಬರೆಯಿರಿ ಎಂದು ಸುಮ್ಮನಾಯಿತು. 2000ದಲ್ಲಿ ಆ ಎಚ್ಚರಿಕೆಯೂ ಹೋಯಿತು. ಇನ್ನೊಮ್ಮೆ ಎಫ್‌ಡಿಎ ಜಾಣತನ ಮಾಡಿ, ಆರೆಂಜ್ 17 ಎಂಬ ಬಣ್ಣದಿಂದ ಕ್ಯಾನ್ಸರ್ ಬರುವ ಸಂಭವ 1,900 ಕೋಟಿಯಲ್ಲಿ ಒಂದು, ಇದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದಿತು. ಷರತ್ತಿನಲ್ಲಿ ಹಾಗೆ ಬರೆದಿಲ್ಲ ಎಂದು 1987ರಲ್ಲಿ ಕೋರ್ಟು ತಿರುಗಿಸಿ ಕಳಿಸಿತು.

ಆವೃತ್ತಿ ಹಳತಾದರೆ

ಕಾಯಿದೆಯನ್ನು ಸಂವಿಧಾನದ ಹಾಗೆ ಓದಬೇಕು, ಅದರ ಆಶಯ ಈಡೇರಿಸಲು ಬೇಕಾದದ್ದನ್ನೆಲ್ಲ ಎಫ್‌ಡಿಎ ಮಾಡಬಹುದು ಎಂದು ಹಟ್ 1973ರಲ್ಲೇ ಬರೆದಿದ್ದರು. ಒಂದು ತಲೆಮಾರು ಇದನ್ನು ಓದಿ ಬೆಳೆಯಿತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಕಾಯಿದೆ ಅಸ್ಪಷ್ಟವಾಗಿದ್ದರೆ ಅರ್ಥ ಹೇಳುವುದು ನಮ್ಮ ಕೆಲಸ, ಇಲಾಖೆಯದಲ್ಲ ಎಂದು ಇಲಾಖೆಯ ವ್ಯಾಖ್ಯಾನಕ್ಕೆ ಮಣಿಯುವ ನಲವತ್ತು ವರ್ಷದ ಷೆವ್ರಾನ್ ಸಿದ್ಧಾಂತವನ್ನೇ ಕಿತ್ತುಹಾಕಿತು. ಐದನೇ ಆವೃತ್ತಿ 2022ರದು. ಇದನ್ನು ಅಂಚಿನಲ್ಲಿ ಕೈಯಿಂದ ಬರೆದುಕೊಳ್ಳಬೇಕು.

ಅದರ ಕೆಳಗೇ ಇನ್ನೊಂದು ಸಾಲು: ಕೆಂಪು ಬಣ್ಣ, ರೆಡ್ 3. ಗಂಡು ಇಲಿಗಳಲ್ಲಿ ಥೈರಾಯ್ಡ್ ಗಡ್ಡೆ ಕಂಡದ್ದರಿಂದ ಡಿಲೇನಿ ಷರತ್ತು ಹಿಡಿದು 1990ರಲ್ಲಿ ಅದನ್ನು ಲಿಪ್‌ಸ್ಟಿಕ್ಕಿನಿಂದ ತೆಗೆದರು. ಮಿಠಾಯಿಯಿಂದ ತೆಗೆಯಲು ಆದೇಶ ಬಂದದ್ದು 2025ರ ಜನವರಿಯಲ್ಲಿ, ಕಂಪನಿಗಳಿಗೆ 2027ರ ಜನವರಿಯವರೆಗೆ ಗಡುವು. ತುಟಿಗೆ ಹಚ್ಚಬಾರದ್ದನ್ನು ಮೂವತ್ತೈದು ವರ್ಷ ನುಂಗಬಹುದಾಗಿದ್ದು ಹೇಗೆ ಎಂಬುದು ವಾರ್ಷಿಕ ಪರೀಕ್ಷೆಗೆ ಒಳ್ಳೆಯ ಪ್ರಶ್ನೆ. ಮೂರು ಗಂಟೆ ಕೊಡಿ, ಪುಸ್ತಕ ನೋಡಿ ಬರೆಯಲು ಬಿಡಿ, ಮೇಜಿನ ಮೇಲೆ ಮಿಠಾಯಿ ಇಡಬೇಡಿ.